ಏಳು ಯಾಕೆ ಜಾಸ್ತಿ ಬೀಳಬೇಕು?

ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮೊಬೈಲ್ ಗೇಮ್ ಮಾಡುವ ಚಿಕ್ಕ ಕಂಪನಿಯೊಂದರಲ್ಲಿ ನಾನು ಟೆಸ್ಟರ್. ಎರಡು ದಾಳದ ಆಟವೊಂದು ಬಿಡುಗಡೆಗೆ ಸಿದ್ಧವಾಗಿತ್ತು. ಆಡಿ ನೋಡಿದರೆ 12 ಪದೇ ಪದೇ ಬೀಳುತ್ತಿತ್ತು. ಕೋಡ್ ತೆಗೆದು ನೋಡಿದೆವು. 2ರಿಂದ 12ರೊಳಗೆ ಯಾವುದಾದರೂ ಒಂದು ಸಂಖ್ಯೆ ಆರಿಸು, ಅಷ್ಟೇ ಇತ್ತು. ದಾಳದ ಚಿತ್ರವನ್ನು ಆಮೇಲೆ ಅದಕ್ಕೆ ಹೊಂದಿಸಿದ್ದರು.

ಬರೆದ ಹುಡುಗ ಕೇಳಿದ: "ಹನ್ನೊಂದು ಮೊತ್ತ ಇವೆ, ಎಲ್ಲಕ್ಕೂ ಸಮಾನ ಅವಕಾಶ. ತಪ್ಪೇನು?" ಕೇಳಲೇಬೇಕಾದ ಪ್ರಶ್ನೆ ಅದು. ಲೈಬ್ನಿಟ್ಸ್‌ನಂಥ ಗಣಿತಜ್ಞನೇ 11 ಮತ್ತು 12 ಬೀಳುವ ಸಾಧ್ಯತೆ ಒಂದೇ ಅಂದುಕೊಂಡಿದ್ದ.

ಒಂದು ದಾಳ ಕೆಂಪು, ಇನ್ನೊಂದು ನೀಲಿ ಅಂದುಕೋ ಎಂದೆ. ಕೆಂಪಿನ ಪ್ರತಿ ಮುಖಕ್ಕೂ ನೀಲಿಯ ಆರು ಮುಖ ಜೊತೆಯಾಗುತ್ತವೆ. ಒಟ್ಟು 36 ಜೋಡಿ. ಸಮಾನ ಅವಕಾಶ ಇರುವುದು ಈ ಜೋಡಿಗಳಿಗೆ, ಮೊತ್ತಗಳಿಗಲ್ಲ. 12 ಬರಲು ಎರಡರಲ್ಲೂ 6 ಬೀಳಬೇಕು, ಒಂದೇ ದಾರಿ. 11ಕ್ಕೆ ಎರಡು: ಕೆಂಪು 5 ನೀಲಿ 6, ಇಲ್ಲವೇ ಅದಲು ಬದಲು. 7 ಮಾತ್ರ ಬೇರೆ. ಕೆಂಪಿನಲ್ಲಿ ಏನೇ ಬೀಳಲಿ, ಅದನ್ನು 7 ಮಾಡುವ ಮುಖ ನೀಲಿಯಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಆರು ದಾರಿ. 36ರಲ್ಲಿ 6, ಅಂದರೆ ಆರಕ್ಕೆ ಒಂದು. ಎಷ್ಟು ಸಲ ನೋಡಿದರೂ ನನಗೆ ಇದು ಖುಷಿ ಕೊಡುತ್ತದೆ.

ಇದೇ 36 ಜೋಡಿಗಳಲ್ಲಿ ಕನಿಷ್ಠ ಒಂದು ದಾಳದಲ್ಲಾದರೂ 6 ಬೀಳುವವು ಎಷ್ಟು ಎಂದು ಕೇಳಿದರೆ ಹುಡುಗ 12 ಜೋಡಿ ಎಂದ. ಆರು-ಆರು ಎರಡು ಸಲ ಎಣಿಕೆಯಾಗಿತ್ತು. ಇಲ್ಲಿ ಉಲ್ಟಾ ಎಣಿಸುವುದು ಸುಲಭ. 6 ಬೀಳದ ಜೋಡಿಗಳು ಐದೈದಲಿ 25, ಉಳಿದದ್ದು 11.

ಆಮೇಲೆ ಟೆಸ್ಟ್ ಬರೆದೆವು. 36,000 ಸಲ ಎಸೆದರೆ 7 ಸುಮಾರು 6,000 ಸಲ, 12 ಸುಮಾರು 1,000 ಸಲ ಬರಬೇಕು. ಹಳೆ ಕೋಡ್‌ನಲ್ಲಿ ಎರಡೂ 3,270ರ ಆಸುಪಾಸು. 7 ಬರುತ್ತದೆಂದು ನಂಬಿ ಕಾಯಿ ನಡೆಸುವವನಿಗೆ ಇದು ಅನ್ಯಾಯ ಅಲ್ವಾ? ಸರಿಪಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. 1ರಿಂದ 6ರೊಳಗಿನ ಸಂಖ್ಯೆಯನ್ನು ಎರಡು ಸಲ ಬೇರೆ ಬೇರೆಯಾಗಿ ಆರಿಸಿ ಕೂಡಿಸಿದರೆ ಆಯಿತು.

ಈಗ ದಾಳ ಇರುವ ಯಾವ ಗೇಮ್ ಬಂದರೂ ಮೊದಲು ಇದೇ ಟೆಸ್ಟ್ ಓಡಿಸುತ್ತೇನೆ. ಜೊತೆಗೆ ಎರಡೂ ದಾಳದಲ್ಲಿ ಒಂದೇ ಸಂಖ್ಯೆ ಎಷ್ಟು ಸಲ ಬಂತೆಂದೂ ನೋಡುತ್ತೇನೆ. ಅದೂ 6,000ದ ಹತ್ತಿರ ಇರಬೇಕು. ತುಂಬಾ ಜಾಸ್ತಿ ಇದ್ದರೆ, ಎರಡು ದಾಳಗಳೂ ಒಂದೇ ಸಂಖ್ಯೆಯನ್ನು ಹಂಚಿಕೊಳ್ಳುತ್ತಿರುವ ಅನುಮಾನ.