ನೀರಿನಾಚೆಯ ದೊರೆ

10 ಜೂನ್ 2024, ಸೋಮವಾರ

ಇವತ್ತು ಜಾಕಬೈಟರ, ಅಂದರೆ ಪಟ್ಟ ಕಳೆದುಕೊಂಡ ದೊರೆ ಎರಡನೇ ಜೇಮ್ಸ್ ಮತ್ತವನ ವಂಶದ ಪರ ನಿಂತವರ, ಬಿಳಿ ಗುಲಾಬಿ ದಿನ. 1688ರಲ್ಲಿ ಇದೇ ತಾರೀಖಿಗೆ ಬ್ರಿಟನ್ನಿನ ದೊರೆ ಎರಡನೇ ಜೇಮ್ಸನಿಗೆ ಗಂಡುಮಗು ಹುಟ್ಟಿತು. ವರ್ಷ ಮುಗಿಯುವುದರೊಳಗೆ ಅಪ್ಪ ಪಟ್ಟ ಬಿಟ್ಟು ಫ್ರಾನ್ಸಿಗೆ ಓಡಿದ. ಮುಂದೆ ಆ ಮಗನೇ ನಿಜವಾದ ವಾರಸುದಾರ ಎಂದು ಬರೆದು ಅಚ್ಚು ಹಾಕಿದವರಿಗೆ ರಾಜದ್ರೋಹದ ಶಿಕ್ಷೆ ಕಾದಿತ್ತು.

ಬರೆಯುವಂತಿಲ್ಲ, ಸರಿ. ವೈನ್ ಗ್ಲಾಸಿನ ಮೇಲೆ ಹೂ ಕೆತ್ತಿಸಬಹುದಲ್ಲ? ಅರಳಿದ ಗುಲಾಬಿ, ಪಕ್ಕದಲ್ಲಿ ಮೊಗ್ಗುಗಳು. ಹೂವೆಂದರೆ ದೇಶಭ್ರಷ್ಟ ದೊರೆ, ಮೊಗ್ಗುಗಳೆಂದರೆ ಅವನ ಮಕ್ಕಳು ಎಂದು ಹಲವರು ಓದುತ್ತಾರೆ. ಸಿಪಾಯಿ ಬಂದು ಕೇಳಿದರೆ ಅದು ಬರೀ ಹೂವು. 'ದೊರೆಗೆ' ಎಂದು ಗ್ಲಾಸೆತ್ತುವಾಗ ಅದನ್ನು ನೀರಿನ ಬಟ್ಟಲ ಮೇಲೆ ಹಾಯಿಸಿದರೆ, ಹಾರೈಕೆ ಕಡಲಾಚೆಯವನಿಗೆ ಸಂದಂತೆ. ಆದರೆ 'ಆಮೆನ್ ಗ್ಲಾಸು'ಗಳಿಗೆ ಅಂಥ ನೆಪವೇ ಇರಲಿಲ್ಲ. ಅವುಗಳ ಮೇಲೆ ಪ್ರಾರ್ಥನೆಯ ಸಾಲುಗಳು, ದೊರೆಯ ಹೆಸರಿನ ಅಕ್ಷರಗಳು, ಅವುಗಳೊಳಗೇ ಹೆಣೆದ 8. ಆ ಮಗನ ಹೆಸರೂ ಜೇಮ್ಸ್; ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಅವನು ಎಂಟನೇ ಜೇಮ್ಸ್. ಗ್ಲಾಸು ಸಿಕ್ಕಿಬಿದ್ದರೆ ಯಜಮಾನನೂ ಸಿಕ್ಕಿಬಿದ್ದ ಹಾಗೇ.

ನನ್ನ ಮನಸ್ಸಿಗೆ ಹೆಚ್ಚು ಹಿಡಿದದ್ದು ಸ್ಕಾಟ್ಲೆಂಡಿನ ಫೋರ್ಟ್ ವಿಲಿಯಮ್‌ನ ವೆಸ್ಟ್ ಹೈಲ್ಯಾಂಡ್ ಮ್ಯೂಸಿಯಂನಲ್ಲಿರುವ ಒಂದು ಮರದ ಹಲಗೆ. ಅದರ ಮೇಲೆ ಬಾಗಿ ಎಳೆದ ಬಣ್ಣದ ಪಟ್ಟೆಗಳು, ಯಾರೋ ಕುಂಚ ಒರೆಸಿದಂತೆ. ಎಷ್ಟು ದಿಟ್ಟಿಸಿದರೂ ಆಕಾರ ಸಿಗದು. ನಡುವೆ ಹೊಳೆಯುವ ಲೋಹದ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಬೇಕು. ಆಗ ಪಟ್ಟೆಗಳು ಅದರ ಮೈಮೇಲೆ ಕೂಡಿಕೊಂಡು ಮುಖವಾಗುತ್ತವೆ: ಎಂಟನೇ ಜೇಮ್ಸನ ಮಗ, ಪ್ರಿನ್ಸ್ ಚಾರ್ಲಿ. ಕೊಳವೆ ಎತ್ತಿದರೆ ರಾಜಕುಮಾರನಿಲ್ಲ, ಸಾಕ್ಷಿಯೂ ಇಲ್ಲ. ಇದನ್ನು ಯೋಚಿಸಿದ ಕೈಗೆ ನನ್ನ ನಮಸ್ಕಾರ.

ಆದರೂ ಒಂದು ಮಾತು ಹೇಳಲೇಬೇಕು. ಕೆತ್ತನೆಯ ಗಾಜು ಉಳ್ಳವರ ಮನೆಯದು. 1746ರ ಏಪ್ರಿಲ್ 16ರಂದು ಕಲೋಡನ್ ಬಯಲಿನಲ್ಲಿ ಚಾರ್ಲಿಯ ಸೇನೆ ಸರ್ಕಾರಿ ಸೇನೆಗೆ ಸೋತ ಮೇಲೆ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಗುಡ್ಡನಾಡಿನ, ಬಡವನಿಗೆ ಬಚ್ಚಿಡಲು ಏನಿತ್ತು? ಅವನ ಗುರುತು ಕಿಲ್ಟಿನಂಥ ಮೈಮೇಲಿನ ಉಡುಪು. ಅದೇ ವರ್ಷದ ಕಾಯ್ದೆ ಅಲ್ಲಿನ ಗಂಡಸರು ಹುಡುಗರು ಆ ಉಡುಪು ತೊಡುವುದನ್ನೇ ನಿಷೇಧಿಸಿತು. ಸೇನೆ ಸೇರಿದವರಿಗಷ್ಟೇ ವಿನಾಯಿತಿ. ಮೊದಲ ಸಲ ಸಿಕ್ಕಿಬಿದ್ದರೆ ಜಾಮೀನಿಲ್ಲದ 6 ತಿಂಗಳ ಸೆರೆ, ಎರಡನೇ ಸಲ 7 ವರ್ಷ ಕಡಲಾಚೆಯ ವಸಾಹತುಗಳಿಗೆ ಗಡೀಪಾರು. ಆ ಕಾಯ್ದೆ ರದ್ದಾದದ್ದು 1782ರಲ್ಲಿ. ಅಷ್ಟರಲ್ಲಿ ಅಲ್ಲಿ ಒಂದು ತಲೆಮಾರು ತಮ್ಮ ಉಡುಪು ತೊಡದೆಯೇ ಬೆಳೆದು ನಿಂತಿತ್ತು.