ಕಹೀಕಿ ಮಾದರಿ: ಛಾವಣಿ ಆಯಿತು, ಈಗ ಮಳೆ

ನಾನು ಕಟ್ಟುತ್ತಿರುವ ಕಹೀಕಿ ರೆಸ್ಟೋರೆಂಟಿನ ಪುಟ್ಟ ಮಾದರಿಗೆ ಛಾವಣಿ ಕೊನೆಗೂ ನಿಂತಿದೆ. ಎರಡು ತುದಿಯಲ್ಲೂ ಮೇಲಕ್ಕೆ ಚಿಮ್ಮುವ ಆ ಕಡಿದಾದ ಆಕಾರಕ್ಕೆ ಬಾಸ್‌ವುಡ್ ಅನ್ನುವ ಮೆತ್ತನೆ ಮರದ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಕ್ಲಿಪ್ ಹಾಕಿ ಒಣಗಲು ಬಿಟ್ಟಿದ್ದೆ. ಅಳತೆ ಒಂದು ಅಡಿಗೆ ಕಾಲು ಇಂಚು. ಒಳಗಿನದನ್ನು ನೋಡಬೇಕಲ್ವಾ, ಅದಕ್ಕೆ ಛಾವಣಿಯನ್ನು ಮುಚ್ಚಳದ ಹಾಗೆ ಎತ್ತುವಂತೆ ಮಾಡಿದ್ದೇನೆ.

ಹೊಸದಾಗಿ ಓದುವವರಿಗೆ: ಕಹೀಕಿ ಅಂದರೆ ಓಹಾಯೋದ ಕೊಲಂಬಸ್‌ನಲ್ಲಿ 1961ರಲ್ಲಿ ಶುರುವಾದ ಟಿಕಿ ರೆಸ್ಟೋರೆಂಟ್, ಅಂದರೆ ಪೆಸಿಫಿಕ್ ದ್ವೀಪಗಳ ವೇಷ ತೊಟ್ಟದ್ದು. ಸಮುದ್ರ ಎಲ್ಲೋ ದೂರ, ಚಳಿಗಾಲದಲ್ಲಿ ಹೊರಗೆಲ್ಲಾ ಹಿಮ, ಒಳಗೆ ಮಾತ್ರ ಬಿದಿರು, ಗುಡಿಸಲು, ರಮ್. ಬಾಗಿಲಲ್ಲಿ ತಲೆ ಮೇಲೆ ಬೆಂಕಿ ಹೊತ್ತ ಎರಡು ಮೊವಾಯ್ ವಿಗ್ರಹಗಳು, ಈಸ್ಟರ್ ದ್ವೀಪದ ಉದ್ದ ಮುಖದವು. ಒಳಗೆ ಎತ್ತರದ ಹಾಲ್, ಅದರ ಕೊನೆಯಲ್ಲಿ ಇನ್ನೊಂದು ಭಾರೀ ಮೊವಾಯ್, ಅದರ ಬಾಯಿಯೇ ಬೆಂಕಿಗೂಡು. ಒಂದು ಪಕ್ಕದಲ್ಲಿ ಮೀನಿನ ತೊಟ್ಟಿಗಳು. ಇನ್ನೊಂದು ಪಕ್ಕದಲ್ಲಿ ಗಾಜಿನಾಚೆ ಕಾಡು, ಅಲ್ಲಿ ಆಗಾಗ ಗುಡುಗು ಮಿಂಚು ಸಮೇತ ಕೃತಕ ಮಳೆ. 2000ದ ಆಗಸ್ಟ್‌ನಲ್ಲಿ ಮುಚ್ಚಿತು. ಅದೇ ವರ್ಷ ಕೆಡವಿದರು. ಆ ಜಾಗದಲ್ಲಿ ವಾಲ್‌ಗ್ರೀನ್ಸ್ ಔಷಧಿ ಅಂಗಡಿ ಬಂತು.

ಇದು ನಡೆದದ್ದು ಕಟ್ಟಡ 1997ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದ ಮೇಲೆ! ಪಟ್ಟಿಯಲ್ಲಿದ್ದರೆ ಯಾರೂ ಮುಟ್ಟುವಂತಿಲ್ಲ ಅಂತ ನಾನೂ ಅಂದುಕೊಂಡಿದ್ದೆ. ಹಾಗೇನಿಲ್ಲ. ಮಾಲೀಕರು ಸ್ವಂತ ದುಡ್ಡಲ್ಲಿ ಸ್ವಂತ ಕಟ್ಟಡ ಬೀಳಿಸಿದರೆ ಆ ಪಟ್ಟಿ ತಡೆಯುವುದಿಲ್ಲ.

ಈಗ ಕೆಲಸದ ವಿಷಯ. ಮೀನಿನ ತೊಟ್ಟಿಗಳು ಮುಗಿದವು. ಎಪಾಕ್ಸಿಯನ್ನು (ಗಾಜಿನ ಹಾಗೆ ಗಟ್ಟಿಯಾಗುವ ಅಂಟು) ತೆಳುವಾಗಿ ಒಂದೊಂದೇ ಪದರ ಹೊಯ್ದು, ಮಧ್ಯೆ ಮಧ್ಯೆ ಒಂದೇ ಕೂದಲಿನ ಬ್ರಷ್‌ನಲ್ಲಿ ಮೀನು ಬರೆದೆ. ಒಟ್ಟಿಗೆ ದಪ್ಪಗೆ ಹೊಯ್ದರೆ ಅದು ಕಾದು ಬಿರುಕು ಬಿಡುತ್ತದೆ. ದೀಪಗಳದ್ದು ಸುಲಭವಾಯಿತು. ಜಪಾನಿನ ಮೀನುಗಾರರು ಬಲೆಗೆ ಕಟ್ಟುತ್ತಿದ್ದ ಗಾಜಿನ ಗುಂಡುಗಳನ್ನು ಟಿಕಿ ಬಾರ್‌ಗಳಲ್ಲಿ ದೀಪ ಮಾಡಿ ನೇತುಹಾಕುತ್ತಿದ್ದರು. ಒಂದು ಅಡಿ ಗುಂಡಿಗೆ ನನ್ನ ಅಳತೆಯಲ್ಲಿ ಕಾಲು ಇಂಚಿನ ಗಾಜಿನ ಮಣಿ ಸಾಕು, ಹೊರಗೆ ಹೊಲಿಗೆ ದಾರದ ಬಲೆ. ಗುಡಿಸಲುಗಳ ಹುಲ್ಲು ಮಾತ್ರ ನಮ್ಮೂರಿನದು. ಅಮ್ಮ ಉಡುಪಿಯಿಂದ ತಂದುಕೊಟ್ಟ ಹಳೆಯ ಮುಂಡೇವಿನ ಚಾಪೆಯ ಅಂಚು ಬಿಚ್ಚಿ, ಎಲೆಯನ್ನು ಉದ್ದಕ್ಕೆ ಬ್ಲೇಡಿನಲ್ಲಿ ಸೀಳಿದೆ. ಇಡ್ಲಿ ಬೇಯಿಸುವ ಮೂಡೆ ಕಟ್ಟುವ ಎಲೆ ಅದೇ. ಹವಾಯಿಯಲ್ಲಿ ಚಾಪೆ ಹೆಣೆಯುವ, ಟಿಕಿ ಬಾರ್‌ಗಳ ಗೋಡೆಗೆಲ್ಲಾ ಹೊಡೆಯುತ್ತಿದ್ದ ಎಲೆಯೂ ಕೇದಗೆಯ ಜಾತಿಯದ್ದೇ, ಹಾಗಾಗಿ ಇದು ಮೋಸ ಅಲ್ಲ!

ತಲೆ ತಿಂದದ್ದು ಮಳೆ. ಮಾದರಿಯಲ್ಲಿ ಮರ, ಬಟ್ಟೆ, ಬೆಳಕು ಎಲ್ಲವನ್ನೂ ಚಿಕ್ಕದು ಮಾಡಬಹುದು, ನೀರನ್ನು ಆಗುವುದಿಲ್ಲ. ಒಂದು ಹನಿ ನಿಜವಾದ ಗಾತ್ರದಲ್ಲೇ ಬೀಳುತ್ತದೆ, ಅಂದರೆ ನನ್ನ ಕಾಡಿನಲ್ಲಿ ಕಲ್ಲಂಗಡಿ ಗಾತ್ರದ ಮಳೆ. ಆಮೇಲೆ 1970ರ ದಶಕದಲ್ಲಿ ಅಮೆರಿಕದ ಮನೆಗಳಲ್ಲಿ ಇಡುತ್ತಿದ್ದ ಮಳೆದೀಪಗಳು ನೆನಪಾದವು. ಅವುಗಳಲ್ಲಿ ಬೀಳುತ್ತಿದ್ದದ್ದು ನೀರಲ್ಲ, ಮಿನರಲ್ ಆಯಿಲ್. ನೈಲಾನ್ ಎಳೆಗಳ ಮೇಲೆ ಸಣ್ಣ ಸಣ್ಣ ಮುತ್ತಾಗಿ ನಿಧಾನಕ್ಕೆ ಇಳಿಯುತ್ತದೆ. ಮೀನು ಹಿಡಿಯುವ ಅತಿ ತೆಳು ದಾರ, ಪುಟ್ಟ ಪಂಪು, ಬೇಬಿ ಆಯಿಲ್ ಇಷ್ಟರಲ್ಲಿ ಆಯಿತು. ಹಿಂದೆ ಒಂದು ಬಿಳಿ ಎಲ್‌ಇಡಿ ಮಿಂಚುತ್ತದೆ. ಧೂಳು ಅಂಟದಿರಲಿ ಅಂತ ಮುಂದೆ ಅಕ್ರಿಲಿಕ್ ಹಾಳೆ.

ಮಳೆಯ ಸ್ವಿಚ್ ಹಾಕಿದಾಗ ಮಾತ್ರ ಇದು ಕಹೀಕಿ ಅನ್ನಿಸುತ್ತದೆ, ಇಲ್ಲದಿದ್ದರೆ ಸುಮ್ನೆ ಒಂದು ದೊಡ್ಡ ಗುಡಿಸಲು. ಹಳೆಯ ಟಿಕಿ ಬಾರ್‌ಗಳು ಹೋದಾಗ ಹೋಗುವುದು ಇದೇ ಅಂತ ನನಗೆ ಅನ್ನಿಸುತ್ತದೆ. ಮಗ್‌ಗಳು, ಮೆನುಗಳು ಯಾರದ್ದೋ ಕಪಾಟಿನಲ್ಲಿ ಉಳಿಯುತ್ತವೆ, ಹರಾಜಿನಲ್ಲಿ ಸಿಗುತ್ತವೆ. ಪೈಪು, ಪಂಪು, ಗುಡುಗಿನ ಸದ್ದು, ಯಾವ ದೀಪ ಎಷ್ಟು ಮಂದ, ಇದನ್ನೆಲ್ಲಾ ಯಾರು ಎತ್ತಿಡುತ್ತಾರೆ? ಇವುಗಳ ನಿರ್ವಹಣೆಯ ಖರ್ಚೂ ಜಾಸ್ತಿ. 70ರ ದಶಕದ ಹುಡುಗರಿಗೆ ಇದೆಲ್ಲಾ ಅಪ್ಪಂದಿರ ಕಾಲದ ಗೀಳು ಅನ್ನಿಸತೊಡಗಿತ್ತು, ಜೊತೆಗೆ ನಗರ ಬೆಳೆದು ನೆಲದ ಬೆಲೆ ಏರಿತು. ಬೆವರ್ಲಿ ಹಿಲ್ಸ್‌ನ ಲುಆವು ಅನ್ನುವ ಟಿಕಿ ರೆಸ್ಟೋರೆಂಟ್ 1979ರಲ್ಲಿ ನೆಲಸಮವಾಯಿತು. ನ್ಯೂಯಾರ್ಕ್‌ನ ಪ್ಲಾಜಾ ಹೋಟೆಲಿನೊಳಗಿದ್ದ ಟ್ರೇಡರ್ ವಿಕ್ಸ್ ಕೂಡ ಮುಚ್ಚಿತು, ಆಗ ಹೋಟೆಲಿನ ಮಾಲೀಕ ಡೊನಾಲ್ಡ್ ಟ್ರಂಪ್. 1956ರಿಂದ ಇಂಥ ಬಾರ್‌ಗಳಿಗೆ ಕೆತ್ತನೆ, ಚಾಪೆ, ಬಿದಿರು ಕೊಡುತ್ತಿದ್ದ ಕ್ಯಾಲಿಫೋರ್ನಿಯಾದ ಓಷನಿಕ್ ಆರ್ಟ್ಸ್ ಕೂಡ 2021ರಲ್ಲಿ ಬಾಗಿಲು ಹಾಕಿತು. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನ ಮೈ-ಕೈ ರೆಸ್ಟೋರೆಂಟ್ ಮಾತ್ರ ಬೇರೆ ಕಥೆ. 2020ರಲ್ಲಿ ಛಾವಣಿ ಕುಸಿದು ಮುಚ್ಚಿದ್ದು 2024ರಲ್ಲಿ ಮತ್ತೆ ತೆರೆಯಿತು.

ನನ್ನ ಪ್ರೀತಿ ಕಟ್ಟಡದ ಮೇಲೆ, ಅದು ಹೇಳುತ್ತಿದ್ದ ಕಥೆಯ ಮೇಲಲ್ಲ. ಹವಾಯಿ, ನ್ಯೂಗಿನಿ, ಈಸ್ಟರ್ ದ್ವೀಪ ಎಲ್ಲವನ್ನೂ ಕಲಸಿ, ಅಲ್ಲಿನವರಿಗೆ ಪವಿತ್ರವಾದ ಮುಖಗಳನ್ನು ಮಗ್ ಮಾಡಿ ಮಾರಿದ್ದು ಸರಿಯಲ್ಲ ಅನ್ನುವವರ ಮಾತು ನನಗೆ ಒಪ್ಪಿಗೆ. ಅಷ್ಟಾಗಿ ಇಂಥ ಕಡೆ ಬಡಿಸುತ್ತಿದ್ದದ್ದು ಹೆಚ್ಚಾಗಿ ಕ್ಯಾಂಟನೀಸ್ ಊಟ.

ಮುಂದಿನದು ಒಳಗಿನ ಮೊವಾಯ್. ಜೇಡಿಮಣ್ಣಿನಲ್ಲಿ ಮಾಡಿ, ಅಚ್ಚು ತೆಗೆದು, ರೆಸಿನ್‌ನಲ್ಲಿ ಎರಕ ಹೊಯ್ಯಬೇಕು, ಬಾಯೊಳಗೆ ಮಿಣುಕುವ ಎಲ್‌ಇಡಿ. ಅದಕ್ಕೆ ಚಿತ್ರಗಳ ಕೊರತೆ ಇಲ್ಲ, ಏಕೆಂದರೆ ಪೋಸ್ಟ್‌ಕಾರ್ಡ್‌ಗಳೆಲ್ಲಾ ಅದರ ಕಡೆಗೇ ಕ್ಯಾಮೆರಾ ಹಿಡಿದಿವೆ. ತಿರುಗಿ ಬಾಗಿಲ ಕಡೆಗೆ ತೆಗೆದ ಫೋಟೊ ನನಗೆ ಒಂದೂ ಸಿಕ್ಕಿಲ್ಲ. ಕೊಲಂಬಸ್‌ನಲ್ಲಿ 90ರ ದಶಕದಲ್ಲಿ ಇದ್ದ ಕನ್ನಡದವರು ಯಾರಾದರೂ ಅಲ್ಲಿ ಹುಟ್ಟುಹಬ್ಬ ಮಾಡಿದ್ದರೆ ಆಲ್ಬಮ್ ಒಮ್ಮೆ ತಿರುವಿ ನೋಡಿ. ನಿಮ್ಮ ಮುಖ ಬೇಡ, ಹಿಂದಿನ ಗೋಡೆ ಕಂಡರೆ ಸಾಕು.