ಬದುವಿನಲ್ಲಿ ಬುಸ್ ಅಂದಿದ್ದು

ಇವತ್ತು ಸಂಜೆ ಮಧುಗಿರಿ ಹತ್ತಿರದ ನಮ್ಮ ಹೊಲದಲ್ಲಿ, ಹೆಗ್ಗಣದ ವಾಸನೆ ಹಿಡಿದ ನಮ್ಮ ನಾಯಿ ಕರಿಯ, ಬದುವಿನ ಒಣಹುಲ್ಲಿಗೆ ಮೂತಿ ತೂರಿಸಿದ. ಬುಸ್ ಅಂತ ಸದ್ದು. ಕುಕ್ಕರ್ ಸೀಟಿಗೆ ಮುಂಚೆ ಬರುತ್ತಲ್ಲ, ಹಾಗೆ. ಆದರೆ ನಿಲ್ಲಲೇ ಇಲ್ಲ.

ಕೊಳಕುಮಂಡಲ. ದಪ್ಪ ಮೈ, ಬೆನ್ನ ಮೇಲೆ ಮೂರು ಸಾಲು ಕಂದು ಮಚ್ಚೆ, ಮಚ್ಚೆ ಸುತ್ತ ಕಪ್ಪು ಅಂಚು.

ಕೂಗಿದ ತಕ್ಷಣ ಕರಿಯ ಹಿಂದಕ್ಕೆ ಹಾರಿದ. ಮೂತಿ, ಮುಂಗಾಲು, ಕಿವಿ ಎಲ್ಲ ಸವರಿ ನೋಡಿದೆ. ಏನೂ ಆಗಿರಲಿಲ್ಲ. ನನ್ನ ಕೈ ಮಾತ್ರ ತುಂಬಾ ಹೊತ್ತು ನಡುಗುತ್ತಿತ್ತು.

ಈ ಬಿಸಿಲಿಗೆ ಹಾವು ಹಗಲೆಲ್ಲ ತಂಪಲ್ಲಿದ್ದು, ಹೊತ್ತು ಇಳಿದ ಮೇಲೆ ಹೊರಡುತ್ತದೆ. ನಾವು ನಾಯಿ ಬಿಡುವುದೂ ಅದೇ ಹೊತ್ತಿಗೆ ಅಲ್ವಾ?

ಕಚ್ಚಿದರೆ ಬಿಗಿಯಾಗಿ ಕಟ್ಟೋದು, ಕುಯ್ಯೋದು, ಬೇರು ಅರೆಯೋದು ಬೇಡ. ನಾಯಿಯನ್ನು ನಡೆಸದೆ ಎತ್ತಿಕೊಂಡು ದನದ ಆಸ್ಪತ್ರೆಗೆ ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕರ ವಿಷಕ್ಕೂ ಒಂದೇ ಬಗೆಯ ಇಂಜೆಕ್ಷನ್. ಮನುಷ್ಯರಿಗೆ ಕೊಡುವುದೇ ನಾಯಿಗೂ. ಎಲ್ಲಾ ಕಡೆ ಸ್ಟಾಕ್ ಇರಲ್ಲ, ಎಲ್ಲಿ ಸಿಗುತ್ತೆ ಅಂತ ಈಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.

ಪಕ್ಕದ ಹೊಲದ ಅಣ್ಣ ದೊಣ್ಣೆ ತಂದರು. ಬೇಡ ಬಿಡಣ್ಣ ಅಂದೆ. ಹೆಗ್ಗಣ ಹಿಡಿಯೋಕೆ ಬಂದಿದ್ದು ಅದೂ ತಾನೇ. ಮಳೆ ಬೀಳುವ ತನಕ ಸಂಜೆ ಹೊತ್ತು ಕರಿಯನಿಗೆ ಹಗ್ಗ ಹಾಕಿಯೇ ಕರೆದುಕೊಂಡು ಹೋಗುತ್ತೇನೆ.